ಹಗ್ಗದಾಚೆ ಹಾಸಿದ ಹಳೇ ಸೀರೆ

ಪ್ರಫುಲ್ಲಾ ಮದುವೆಯಾಗಿ ಹುಬ್ಬಳ್ಳಿಯಿಂದ ಕೊಲ್ಕತ್ತಾಕ್ಕೆ ಬಂದು ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಗಂಡ ದೇವೇಂದ್ರ ಮೆಟ್ರೋ ರೈಲಿನ ಸಿಗ್ನಲ್ ವಿಭಾಗದಲ್ಲಿ ಟೆಕ್ನಿಷಿಯನ್. ಟಾಲಿಗಂಜ್‌ನಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಗರಿಯಾಹಾಟ್‌ನ ಸೀರೆ ಅಂಗಡಿಗಳಿಂದ ಗಂಟು ಹೊತ್ತು ತಂದು, ಫಾಲ್ ಹಚ್ಚಿ, ಪಿಕೋ ಮಾಡಿ ವಾಪಸ್ಸು ಕೊಡುವುದು ಅವಳ ದುಡಿಮೆ. ಬಂಗಾಳಿ ಕಲಿತದ್ದೂ ಆ ಅಂಗಡಿಗಳಲ್ಲೇ, ಮಜೂರಿಗೆ ಜಗ್ಗಾಡುತ್ತ. ಹಾಗಾಗಿ ಅವಳ ಬಂಗಾಳಿಯಲ್ಲಿ ವಿನಯ ಕಡಿಮೆ, ಕೆಲಸ ಜಾಸ್ತಿ.

ಸಮುದ್ರ ಅಲ್ಲಿಂದ ಅರ್ಧ ದಿನದ ದಾರಿ. ಆದರೂ ಅವಳು ಅದನ್ನು ಕಂಡಿರಲಿಲ್ಲ. ಗಂಡನಿಗೆ ಸಿಗುವ ರಜೆ, ರೈಲ್ವೆ ಪಾಸು ಎಲ್ಲವೂ ಹುಬ್ಬಳ್ಳಿಗೇ ಸಲ್ಲುತ್ತಿದ್ದವು. ಒಂದು ವರ್ಷ ಯಾರದೋ ಮದುವೆ, ಇನ್ನೊಂದು ವರ್ಷ ಯಾರದೋ ಸೀಮಂತದ ಕುಬಸ, ಮತ್ತೊಂದು ವರ್ಷ ಯಾರದೋ ದಿನಕರ್ಮ. ಹೋದಲ್ಲಿ ಅವಳ ಪಾಲಿಗೆ ಸಿಗುತ್ತಿದ್ದದ್ದು ಅಡುಗೆಮನೆ. ತಿರುಗಿ ಬರುವಾಗ ಸೊಂಟ ಹಿಡಿದಿರುತ್ತಿತ್ತು.

ಆ ವರ್ಷ ಡಿಸೆಂಬರಿನಲ್ಲಿ ದೇವೇಂದ್ರನ ಅಕ್ಕ ಅನಸೂಯ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಳು. ಪ್ರಫುಲ್ಲಾ ಎಂಟು ದಿನ ಮೊದಲೇ ಬಂದರೆ ಉಂಡಿ ಕಟ್ಟಲಿಕ್ಕೆ ಅನುಕೂಲ ಎಂದು ಫೋನಿನಲ್ಲಿ ಹೇಳಿದಳು. ದೇವೇಂದ್ರ ಆಯಿತೆಂದು ಫೋನ್ ಇಡುವುದರೊಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಈ ಸಲ ನಾ ಬರಂಗಿಲ್ಲ," ಎಂದಳು ಪ್ರಫುಲ್ಲಾ. "ಸಮುದ್ರ ನೋಡಾಕ ಹೊಂಟೇನಿ. ನೀವು ಬಂದ್ರ ಮೂರು ಮಂದಿ, ಬರದಿದ್ರ ನಾನು, ನನ್ನ ಮಗಳು."

ದೇವೇಂದ್ರ ಜಗಳಕ್ಕೆ ಹೆದರುವ ಮನುಷ್ಯ. ಅಕ್ಕನಿಗೆ ಏನು ಹೇಳಲಿ ಎಂದು ಕೇಳಿದ. ಇದ್ದದ್ದನ್ನೇ ಹೇಳಿರಿ ಎಂದಳು. ಅವನು ಹೇಳಲಿಲ್ಲ, ರಜೆ ಸಿಗಲಿಲ್ಲವೆಂದ. ಅವಳೇ ಮರುದಿನ ಅನಸೂಯಳಿಗೆ ಫೋನ್ ಮಾಡಿ, ರಜೆ ಸಿಕ್ಕಿದೆ, ದೀಘಾದ ಸಮುದ್ರತೀರಕ್ಕೆ ಹೋಗುತ್ತಿದ್ದೇವೆ ಎಂದು ತಿಳಿಸಿದಳು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಅಡ್ಡಿ ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡದವರ ಒಂದು ಊಟದ ಕೂಟದಲ್ಲಿ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಶ್ರೀರಕ್ಷಾ ರಜೆಗೆ ಎಲ್ಲಿಗೆಂದು ವಿಚಾರಿಸಿದಳು. ಅವರದು ಥಾಯ್ಲೆಂಡಿಗೆ ಟಿಕೆಟ್ ಆಗಿತ್ತು. ದೀಘಾ ಎಂದಾಗ ಆಕೆ ಮೈಸೂರಿನ ಮೆತ್ತನೆಯ ದನಿಯಲ್ಲಿ, "ಅಯ್ಯೋ, ಅಲ್ಲಿ ಬರೀ ಜನ, ಕಸ ಕಣ್ರೀ. ಅದಕ್ಕಿಂತ ಮನೇಲಿ ಇರೋದೇ ವಾಸಿ," ಎಂದಳು. ಹನ್ನೊಂದನೇ ತರಗತಿಯ ಮಗಳು ನಮ್ರತಾ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಮನೆಗೆ ಬರುವ ದಾರಿಯಲ್ಲಿ ಅವಳು ತನಗೆ ಬರಲು ಮನಸ್ಸಿಲ್ಲ ಎಂದಳು. ಗೆಳತಿಯರು ಕೇಳಿದರೆ ದೀಘಾ ಎಂದು ಹೇಳಲು ನಾಚಿಕೆಯಾಗುತ್ತದಂತೆ.

"ಹೇಳಬ್ಯಾಡ. ಆದ್ರ ಬಾ," ಎಂದು ಪ್ರಫುಲ್ಲಾ ಮಾತು ಮುಗಿಸಿದಳು.

ಹೌರಾದಿಂದ ರೈಲಿನಲ್ಲಿ ಪಾಸಿನ ಮೇಲೆ ಹೋದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಅವಲಕ್ಕಿ ಕೈಯಲ್ಲಿತ್ತು. ಹಿಡಿದ ಲಾಡ್ಜು ಹಿಂದಿನ ಗಲ್ಲಿಯದು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಗಾಳಿ ಬೀಸಿದರೆ ಒಣಮೀನಿನ ವಾಸನೆ. ನಮ್ರತಾ ಮೂಗು ಮುಚ್ಚಿಕೊಂಡು ಮಂಚದ ಮೇಲೆ ಕೂತಳು. ನಾವು ಕೋಣೆ ನೋಡಲು ಬಂದವರಲ್ಲ ಎಂದು ಪ್ರಫುಲ್ಲಾ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದಳು.

ಗಲ್ಲಿ ತಿರುಗಿದ್ದೇ ತಡ, ಎದುರಿಗೆ ಸಮುದ್ರ. ಪ್ರಫುಲ್ಲಾ ಅದು ನೀಲಿ ಇರುತ್ತದೆ ಎಂದುಕೊಂಡಿದ್ದಳು. ಚಹಾದ ಬಣ್ಣದ ನೀರು ಅದು, ಆದರೆ ಅದರ ಸದ್ದು ಎದೆಯೊಳಗೆ ಬಡಿಯುತ್ತಿತ್ತು. ಅವಳು ಚಪ್ಪಲಿ ಗಂಡನ ಕೈಗೆ ಕೊಟ್ಟು, ಹಳೇ ಚೂಡಿದಾರದಲ್ಲೇ ನೀರಿಗಿಳಿದಳು. ಅಂಚಿನಲ್ಲೇ ಇರು ಎಂದು ದೇವೇಂದ್ರ ಕೂಗಿದ. ಬಾಡಿಗೆಗೆ ಕೊಡುವ ಟೈರಿನ ಟ್ಯೂಬೊಂದನ್ನು ತೆಗೆದುಕೊಂಡು, ಅದರೊಳಗೆ ಕೂತು, ತೆರೆ ಎತ್ತಿದಾಗ ಎತ್ತಿಸಿಕೊಂಡು, ಇಳಿಸಿದಾಗ ಇಳಿಸಿಕೊಂಡು ಮಧ್ಯಾಹ್ನದವರೆಗೆ ಆಡಿದಳು. ಮೂಗು, ಬಾಯಿ, ಕಿವಿಯಲ್ಲೆಲ್ಲ ಉಪ್ಪು ನೀರು. ಹೆಂಡತಿ ಹೀಗೆ ಬಾಯಿ ತೆರೆದು ನಗುವುದನ್ನು ದೇವೇಂದ್ರ ಬಹಳ ವರ್ಷಗಳ ಮೇಲೆ ನೋಡಿದ.

ನಮ್ರತಾ ಮಾತ್ರ ಗದ್ದಲ ಜಾಸ್ತಿ, ಒಂದು ಒಳ್ಳೇ ಫೋಟೋ ಕೂಡ ಬರುವುದಿಲ್ಲ ಎಂದು ಗೊಣಗುತ್ತಲೇ ಇದ್ದಳು. ಹಾಗಾಗಿ ಮರುದಿನ ಊಟವಾದ ಮೇಲೆ, ಟೋಟೋ ಎಂದು ಅಲ್ಲಿಯವರು ಕರೆಯುವ ಬ್ಯಾಟರಿ ರಿಕ್ಷಾ ಹತ್ತಿ, ಊರ ಹೊರಗಿನ ತೀರವೊಂದಕ್ಕೆ ಹೋದರು. ಸಮುದ್ರ ಹಿಂದಕ್ಕೆ ಸರಿದು ಅಗಲವಾದ ಮರಳು ಬಿದ್ದಿತ್ತು. ದಡದ ಮೇಲೊಂದು ದೊಡ್ಡ ರೆಸಾರ್ಟು. ಅದರ ಎದುರಿನ ಮರಳಿನಲ್ಲಿ ಗೂಟ ನೆಟ್ಟು, ನೀರಿನವರೆಗೂ ಬಿಳಿ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಉದ್ದನೆಯ ಕುರ್ಚಿ, ಬಣ್ಣದ ಛತ್ರಿ, ಅವುಗಳ ಕೆಳಗೆ ಕಪ್ಪು ಕನ್ನಡಕದ ಮಂದಿ. ಕಸ ಒಂದು ಚೂರೂ ಇರಲಿಲ್ಲ. ಪ್ರಫುಲ್ಲಾ ಹಗ್ಗ ಎತ್ತಿ, ಬಗ್ಗಿ, ಆಚೆ ಹೋಗಿ, ಒಂದು ಹಳೇ ಸೀರೆ ಹಾಸಿ ಕೂತಳು. ಬೇರೆ ದಾರಿ ಕಾಣದೆ ಉಳಿದಿಬ್ಬರೂ ಹಿಂದೆ ಬಂದರು.

ಕಾವಲುಗಾರ ಬಂದ. ಅತ್ತಿಗೆಯನ್ನು ಕರೆಯುವ ಹಾಗೆ "ಬೌದಿ" ಎಂದು ಮರ್ಯಾದೆಯಿಂದಲೇ ಕರೆದು, ಈ ಜಾಗ ಒಳಗೆ ಇಳಿದುಕೊಂಡವರಿಗೆ ಮಾತ್ರ ಎಂದ. ರೆಸಾರ್ಟಿನ ಒಳಗೆ ನಾವು ಕಾಲಿಟ್ಟಿಲ್ಲ, ಮರಳಿನ ಮೇಲೆ ಕೂತಿದ್ದೇವೆ ಎಂದಳು ಪ್ರಫುಲ್ಲಾ. ಅವನು ತಲೆ ಕೆರೆದುಕೊಂಡು ಹೋಗಿ ಮ್ಯಾನೇಜರನ್ನು ಕರೆತಂದ. ಇಸ್ತ್ರಿ ಮುರಿಯದ ಅಂಗಿಯ ಯುವಕ. ಅವನು ಹಿಂದಿಯಲ್ಲಿ, ನಿಮ್ಮಂಥವರಿಗೆ ಆ ಕಡೆ ಬೇಕಾದಷ್ಟು ಜಾಗವಿದೆ, ಕೂರಲೇಬೇಕೆಂದಿದ್ದರೆ ನಮ್ಮಲ್ಲಿ ಕಾಫಿಯಾದರೂ ಕೊಳ್ಳಬೇಕು ಎಂದ.

'ನಿಮ್ಮಂಥವರು' ಎನ್ನುವವರೆಗೆ ಎದ್ದು ಹೋಗುವ ಯೋಚನೆ ಅವಳಿಗೂ ಒಂದು ಗಳಿಗೆ ಬಂದಿತ್ತು. ಆ ಮಾತು ಕೇಳಿದ ಮೇಲೆ ಅದು ಹೋಯಿತು. ಚಹಾ ನಾವು ತಂದಿದ್ದೇವೆ, ನಿನಗೂ ಬೇಕಾದರೆ ಕುಡಿ ಎಂದು ಫ್ಲಾಸ್ಕ್ ತೆಗೆದಳು. ಪೊಲೀಸರನ್ನು ಕರೆಸುತ್ತೇನೆ ಎಂದ ಮ್ಯಾನೇಜರ್. ಕರೆಸು, ಸಮುದ್ರ ನಿನ್ನ ಮಾಲೀಕರದ್ದೋ ಎಂದು ಅವರನ್ನೇ ಕೇಳೋಣ ಎಂದಳು.

ದೇವೇಂದ್ರ ಎದ್ದು ಸೀರೆ ಮಡಚಲು ಒಂದು ತುದಿ ಎತ್ತಿದ. ಇನ್ನೊಂದು ತುದಿಯ ಮೇಲೆ ಹೆಂಡತಿ ಕೂತಿದ್ದಳು, ಏಳಲಿಲ್ಲ. ಕುರ್ಚಿಯವರು ಕನ್ನಡಕ ಎತ್ತಿ ನೋಡತೊಡಗಿದರು.

"ಮಮ್ಮಿ ಪ್ಲೀಸ್, ಹೋಗೋಣ," ಎಂದಳು ನಮ್ರತಾ, ಅಳು ಬರುವಂತಾಗಿ. "ಎಲ್ಲಾರೂ ನೋಡ್ತಾ ಇದ್ದಾರೆ."

"ನೋಡ್ಲಿ. ನಾವೂ ನೋಡಾಕ ಬಂದೇವಿ, ಅವರೂ ನೋಡ್ಲಿ. ನಾ ಕದ್ದು ಕುಂತಿಲ್ಲ, ಬೇಡಿ ಕುಂತಿಲ್ಲ. ಯಾಕ ಏಳಬೇಕು?"

ನಮ್ರತಾ ಹಗ್ಗ ದಾಟಿ ದೂರ ಹೋಗಿ, ಬೆನ್ನು ತಿರುಗಿಸಿ ಕೂತಳು. ಆ ಬೆನ್ನು ನೋಡಿ ಪ್ರಫುಲ್ಲಾಗೆ ಒಳಗೆ ಚುರ್ರೆಂದಿತು. ಆದರೂ ಕೂತೇ ಇದ್ದಳು. ದೇವೇಂದ್ರ ಕೆಲ ಹೊತ್ತು ನಿಂತು, ಮಗಳನ್ನೂ ಹೆಂಡತಿಯನ್ನೂ ನೋಡಿ, ಕೊನೆಗೆ ಸೀರೆಯ ತುದಿ ಕೆಳಗಿಟ್ಟು ಅದರ ಮೇಲೆ ತಾನೂ ಕೂತ. ಲೋಟಕ್ಕೆ ಚಹಾ ಬಗ್ಗಿಸಿಕೊಂಡ.

ಅಷ್ಟರಲ್ಲಿ ಹಗ್ಗದ ಹೊರಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಬಂಗಾಳಿ ಕುಟುಂಬವೊಂದು ಒಳಗೆ ಬಂತು. ಅಜ್ಜಿ, ಮಗ, ಸೊಸೆ, ಕೈಯಲ್ಲಿ ಮಂಡಕ್ಕಿಯ ಚೀಲ. ಬೆಳಿಗ್ಗೆ ಅವರನ್ನೂ ಅಲ್ಲಿಂದ ಎಬ್ಬಿಸಿದ್ದರಂತೆ. ಅಜ್ಜಿ ಪ್ರಫುಲ್ಲಾಳ ಮಗ್ಗುಲಲ್ಲೇ ಕಾಲು ಚಾಚಿ ಕೂತು ಮಂಡಕ್ಕಿ ಮುಂದಿಟ್ಟಳು. ಪ್ರಫುಲ್ಲಾ ಅದಕ್ಕೆ ತನ್ನ ಚಟ್ನಿಪುಡಿ ಉದುರಿಸಿದಳು. ಖಾರಕ್ಕೆ ಅಜ್ಜಿಯ ಕಣ್ಣಲ್ಲಿ ನೀರು ಬಂತು, ಆದರೂ ಇನ್ನಷ್ಟು ಹಾಕಿಸಿಕೊಂಡಳು. ಆಮೇಲೆ ಇನ್ನೂ ಕೆಲವರು ಬಂದು ಕೂತರು. ಮ್ಯಾನೇಜರ್ ದೂರದಲ್ಲಿ ಫೋನ್ ಕಿವಿಗಿಟ್ಟುಕೊಂಡು ಓಡಾಡಿದ. ಪೊಲೀಸರು ಬರಲಿಲ್ಲ.

ಬಂದದ್ದು ನೀರು. ಸಂಜೆಯಾಗುತ್ತಲೇ ಉಬ್ಬರ ಏರಿತು. ಮೊದಲ ಸಾಲಿನ ಕುರ್ಚಿಗಳ ಕಾಲು ತೋಯ್ದವು, ಛತ್ರಿಯೊಂದು ಮಗುಚಿತು. ರೆಸಾರ್ಟಿನ ಕೆಲಸದವರು ಓಡಿಬಂದು ಎಲ್ಲವನ್ನೂ ಮೇಲಕ್ಕೆ ಹೊತ್ತರು. ಕನ್ನಡಕದವರು ವೆರಾಂಡಾಕ್ಕೆ ಹೋದರು. ಕಾವಲುಗಾರ ಮೊಣಕಾಲು ನೀರಿನಲ್ಲಿ ನಿಂತು ಗೂಟಗಳನ್ನು ಕಿತ್ತು ಹಗ್ಗ ಸುತ್ತಿಕೊಂಡ. ಪ್ರಫುಲ್ಲಾ ಎದ್ದದ್ದು ಕೂತ ಸೀರೆ ಪೂರ್ತಿ ನೆನೆದ ಮೇಲೆ. ಅದನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು, ಎಲ್ಲಿಯೂ ಹಗ್ಗವಿಲ್ಲದ ಆ ನೀರಿಗೆ ಸೊಂಟದವರೆಗೆ ಇಳಿದಳು. ಸ್ವಲ್ಪ ಹೊತ್ತಿಗೆ ನಮ್ರತಾ ಬಂದು ಪಕ್ಕದಲ್ಲಿ ನಿಂತಳು. ನೀನು ತುಂಬಾ ಮುಜುಗರ ಮಾಡಿದೆ ಎಂದು ಸಿಟ್ಟಿನಿಂದಲೇ ಹೇಳಿದಳು. ಹೌದು ಎಂದು ಒಪ್ಪಿಕೊಂಡಳು ಪ್ರಫುಲ್ಲಾ. ದೊಡ್ಡ ತೆರೆಯೊಂದು ಇಬ್ಬರನ್ನೂ ಬೀಳಿಸಿತು. ಎದ್ದಾಗ ಮಗಳು ತಾಯಿಯ ತೋಳು ಹಿಡಿದಿದ್ದಳು. ಕತ್ತಲಾಗುವವರೆಗೆ ಬಿಡಲಿಲ್ಲ.

ಕೊಲ್ಕತ್ತಾಕ್ಕೆ ಮರಳುವ ರೈಲು ಮರುದಿನ ಸಂಜೆಗಿತ್ತು. ಬೆಳಿಗ್ಗೆ ಎಲ್ಲಿಗೆ ಹೋಗೋಣ ಎಂದು ದೇವೇಂದ್ರ ಕೇಳಿದಾಗ, ನಿನ್ನೆಯ ಜಾಗಕ್ಕೇ ಎಂದು ಮೊದಲು ಹೇಳಿದವಳು ನಮ್ರತಾ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದಾಗ ಸಮುದ್ರ ಮತ್ತೆ ಹಿಂದೆ ಸರಿದಿತ್ತು. ಗೂಟಗಳನ್ನು ಮತ್ತೆ ನೆಟ್ಟಿದ್ದರು, ಹಗ್ಗವನ್ನು ಮತ್ತೆ ಬಿಗಿದಿದ್ದರು. ಕಾವಲುಗಾರ ಇವರನ್ನು ಕಂಡು ಬೀಡಿ ಹಚ್ಚಿಕೊಳ್ಳಲು ಆ ಕಡೆ ತಿರುಗಿದ. ಪ್ರಫುಲ್ಲಾ ಹಗ್ಗ ಎತ್ತಿ ಹಿಡಿದಳು. ಮೊದಲು ಗಂಡ ದಾಟಿದ, ಆಮೇಲೆ ಮಗಳು.