ಜೋಡಿ ಎಣಿಕೆ

ಮೊರದಲ್ಲಿ ಜೋಳ ಕೇರುತ್ತಿದ್ದೆ. ಸಾಲೆಯಿಂದ ಬಂದ ಅತ್ತೆ ಹೊಸ್ತಿಲಲ್ಲೇ ನಿಂತು ಸುದ್ದಿ ಹೇಳಿದರು. ನನ್ನ ಮಗಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಸಾಲೆಗೆ ಕಳಿಸಿ ಉಪಯೋಗವಿಲ್ಲ ಎಂದರಂತೆ ಗುರೂಜಿ. ದೀಪಾವಳಿ ಮುಗಿದ ಮೇಲೆ ಆಕೆ ಕುರಿಗಳ ಹಿಂದೆ ಹೋಗಲಿ ಎಂದು ಅತ್ತೆ ತೀರ್ಮಾನವನ್ನೂ ಮಾಡಿಬಿಟ್ಟಿದ್ದರು. ನಾಲ್ಕನೆಯ ಇಯತ್ತೆಯಲ್ಲಿ ಓದುವ ಹುಡುಗಿ. ಅತ್ತೆಯ ಮುಖದಲ್ಲಿ ಇದ್ದದ್ದು ದುಃಖವಲ್ಲ, ಒಂದು ಆಳು ಸಿಕ್ಕ ಸಮಾಧಾನ.

ಓಣಿಯಲ್ಲಿ ಬಟ್ಟೆ ಹೊಲಿಯುವ ಮುಸಲ್ಮಾನರ ಹೆಣ್ಣುಮಗಳೊಬ್ಬಳಿದ್ದಾಳೆ, ಹನ್ನೆರಡನೆಯವರೆಗೆ ಓದಿದವಳು. ದಿನಾ ಒಂದು ತಾಸು ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕಲಿಸು ಎಂದು ಕೇಳಿದೆ. ಒಪ್ಪಿದಳು, ಆದರೆ ನನ್ನನ್ನು ಹೊರಗೆ ಹಾಕಿದಳು. “ನೀವು ಕುಂದರಬ್ಯಾಡ್ರಿ ಅಕ್ಕಾರ. ನಿಮ್ಮ ಮಾರಿ ನೋಡಿದ್ರ ಹುಡುಗಿ ಅಂಜತಾಳ.”

ಸಿಟ್ಟು ಬಂತು. ನುಂಗಿಕೊಂಡೆ.

ಮೂರನೆಯ ದಿನ ಕರೆದು ಪಾಟಿ ತೋರಿಸಿದಳು. ಕೂಡಿಸಲು ಎಳೆದ ಗೆರೆಗಳ ಮೇಲೆ ಮಗಳ ಬೆರಳು ಎರಡೆರಡಾಗಿ ಬೀಳುತ್ತಿತ್ತು. ಎರಡು ಗೆರೆಗೆ ಒಂದು, ಇನ್ನೆರಡಕ್ಕೆ ಎರಡು. ಪ್ರತಿ ಉತ್ತರವೂ ಅರ್ಧ.

“ದಡ್ಡಿ ಅಲ್ರಿ ಈಕಿ. ಕುರಿ ಎಣಿಸಿದಂಗ ಎಣಸ್ತಾಳ.”

ಸಂಜೆ ಕುರಿಗಳು ದೊಡ್ಡಿಗೆ ನುಗ್ಗುವಾಗ ನಮ್ಮ ಮನೆಯವರು ಎರಡು ಕುರಿಗೆ ಒಂದು ಎಂದು ಜೋಡಿ ಲೆಕ್ಕದಲ್ಲೇ ಎಣಿಸುತ್ತಾರೆ. ಮಗಳು ನಡೆಯಲು ಕಲಿತಾಗಿನಿಂದ ಅವರ ಪಕ್ಕ ನಿಂತು ಕಲಿತದ್ದೂ ಅದೇ. ತಪ್ಪು ಉತ್ತರಕ್ಕೆ ಗುರೂಜಿ ಛಡಿ ಎತ್ತಿದ್ದರು. ನಾನೂ ಬೆನ್ನಿಗೆ ಗುದ್ದಿದ್ದೆ. ನಮ್ಮ ದೇವರು ದಾನಮ್ಮ ತಾಯಿ ಕ್ಷಮಿಸಲಿ, ನಾನು ಮಾತ್ರ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮತ್ತೆ ಎಂಟು ದಿನ ಹೊಲಿಗೆ ಯಂತ್ರದ ಪಕ್ಕ ಪಾಠ ನಡೆಯಿತು. ಆಮೇಲೆ ಮಗಳ ಕೈ ಹಿಡಿದು ಸಾಲೆಗೆ ಹೋದೆ. ನನ್ನ ಮುಂದೆಯೇ ಲೆಕ್ಕ ಕೇಳಿ ಎಂದೆ. ಗುರೂಜಿ ಬೇಸರದಿಂದ ಇಪ್ಪತ್ತಾರಕ್ಕೆ ಹದಿನೆಂಟು ಕೂಡಿಸಲು ಹೇಳಿದರು. ಬೆರಳು ಒಂದೊಂದೇ ಗೆರೆ ದಾಟಿತು. ನಲವತ್ನಾಲ್ಕು.

“ಗುಣಾಕಾರ ಇನ್ನೂ ಬಾಕಿ ಐತಿ,” ಎಂದರು ಗುರೂಜಿ.

“ನಾಲ್ಕು ವರ್ಷದಾಗ ಈಕಿ ಬೆರಳ ಒಮ್ಮೆರ ನೋಡೀರೇನ್ರಿ?”

“ನನ್ನ ಮುಂದ ನಲವತ್ತು ಹುಡುಗರು ಅದಾರವ್ವಾ.”

“ಆ ನಲವತ್ತರಾಗ ಈಕಿನೂ ಒಬ್ಬಾಕಿ.”

ಅವರು ಹಾಜರಿ ಪುಸ್ತಕ ತೆರೆದು ತಲೆ ತಗ್ಗಿಸಿದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲ, ನಾನೂ ನಮಸ್ಕಾರ ಮಾಡಲಿಲ್ಲ. ಆದರೂ ಮಗಳಿಗೆ ತರಗತಿಯೊಳಗೆ ಹೋಗಿ ಕೂರು ಎಂದರು. ಆ ದಿನಕ್ಕೆ ದೇವರು ಕೊಟ್ಟದ್ದು ಅಷ್ಟು, ಅದೇ ದೊಡ್ಡದು.

ಮನೆಗೆ ಬಂದು, ದೀಪಾವಳಿ ಆದಮೇಲೂ ಆಕೆ ಸಾಲೆಗೇ ಹೋಗುತ್ತಾಳೆ ಎಂದು ಅತ್ತೆಗೆ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಲ್ಲಿಗೆ ನೀರು ಬಂದಿತ್ತು. ಕೊಡ ಎತ್ತಿಕೊಂಡು ಹೋದೆ.