ಒಂದು ಹನಿ ಸೋಪು ನೀರು

ಟೊಮೆಟೊ ಬಾಕ್ಸ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ ಮಾತು. ಮೇಲಿನ ಸಾಲು ನೋಡಿ ಬೆಲೆ ಹೇಳಬೇಡಿ, ಸುರಿಸಿ ನೋಡಿ. ಸುರಿಯಲು ಮಾರುವವನು ಹಿಂದೇಟು ಹಾಕಿದರೆ ಮರುಮಾತಿಲ್ಲದೆ ಮುಂದಿನ ಮಂಡಿಗೆ ಹೋಗಿ.

ಇದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಕೋಲಾರದ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಅವರು ಹರಾಜು ಕೂಗುತ್ತಿದ್ದರು. ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಏರಿಸಿ, ಗಿರಾಕಿಯ ಮುಖ ನೋಡಿ ಉರ್ದುವಿನಲ್ಲಿ ಮುಗಿಸುತ್ತಿದ್ದರು. ಲಾರಿಗಳ ಹಾರನ್ನಿನ ಮೇಲೆ ಅವರ ದನಿ ನಿಲ್ಲುತ್ತಿತ್ತು. ಆ ದನಿಯೇ ಅವರ ಹೊಟ್ಟೆಪಾಡು, ಅವರ ಜಂಬವೂ ಅದೇ. ಅಪ್ಪನಿಲ್ಲದ ನಾನು ರಜೆಯಲ್ಲಿ ಅವರ ಹಿಂದೆ ಹೋಗಿ, ಸುರಿದ ಹಣ್ಣಿನಲ್ಲಿ ಒಡಕು, ಕೊಳೆತದ್ದು ಬೇರೆ ಮಾಡುತ್ತ ವ್ಯಾಪಾರ ಕಲಿತೆ. ಮುಂದೆ ಕಾಲೇಜಿನ ಸೀಟಿನಿಂದ ಹಿಡಿದು ಹಾಸ್ಟೆಲ್ಲಿನ ಕಿಟಕಿ ಪಕ್ಕದ ಮಂಚದವರೆಗೆ ಎಲ್ಲವನ್ನೂ ಚೌಕಾಸಿ ಮಾಡಿಯೇ ಪಡೆದೆ. ಕೇಳಿದವರಿಗೆ ಸಿಗುತ್ತದೆ, ಸಂಕೋಚ ಪಟ್ಟವರು ಬಾಗಿಲ ಬಳಿ ಮಲಗುತ್ತಾರೆ. ಇದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ಪಿಎಚ್‌.ಡಿಗೆ ನಾನು ಹಿಡಿದದ್ದು ಕ್ಷಯದ ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು. ಆ ಬ್ಯಾಕ್ಟೀರಿಯಾ ತನ್ನ ಸುತ್ತ ಮೇಣದಂಥ ಗೋಡೆ ಕಟ್ಟಿಕೊಳ್ಳುತ್ತದೆ. ಕಟ್ಟುವ ಕೆಲಸ ಕಿಣ್ವಗಳದ್ದು. ಸರಿಯಾದ ಒಂದು ಕಿಣ್ವವನ್ನು ತಡೆಯುವ ವಸ್ತು ಸಿಕ್ಕರೆ ಗೋಡೆ ನಿಲ್ಲುವುದಿಲ್ಲ, ಆ ವಸ್ತು ಒಂದು ದಿನ ಔಷಧಿಯಾದೀತು. ನನ್ನ ಕೆಲಸವೆಲ್ಲ ಇಷ್ಟೇ. ಕ್ಷಯದ ಬ್ಯಾಕ್ಟೀರಿಯಾವನ್ನು ನಾನು ಕಣ್ಣಲ್ಲಿ ಕಂಡವಳೂ ಅಲ್ಲ. ಅದರ ಕಿಣ್ವವನ್ನು ಬೇರೊಂದು ನಿರುಪದ್ರವಿ ಬ್ಯಾಕ್ಟೀರಿಯಾದ ಕೈಲಿ ಮಾಡಿಸಿಕೊಂಡು, ಐಸಿನಲ್ಲಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಇದನ್ನು ನೆಂಟರಿಗೆ ವಿವರಿಸಿ ಸೋತಿದ್ದೆ. ಮಾವ ಮಾತ್ರ ಒಂದೇ ಸಲಕ್ಕೆ ಹಿಡಿದರು. "ಮನೆ ಕಟ್ಟೋ ಗಾರೆಯವನನ್ನೇ ಹಿಡ್ಕೊಂಡು ಕೂತ್ರೆ ಗೋಡೆ ಏಳಲ್ಲ. ಅಷ್ಟೇ ತಾನೇ ಪಾಪ?" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪಾಪ ಎಂದೇ ಕರೆಯುವುದು. ಮದುವೆಯಾದರೂ, ಡಾಕ್ಟರಾದರೂ.

ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುವ ಒಂದು ಗಿಡದ ಎಲೆಯ ರಸವನ್ನು ನಾನು ಆ ಕಿಣ್ವದ ಮೇಲೆ ಪ್ರಯೋಗಿಸಿದೆ. ಗಿಡದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೊಬ್ಬರು ಯಾರೋ ಕುದಿಸಿ ಕುಡಿಯುತ್ತಾರೆ. ಕಿಣ್ವ ಕೆಲಸ ಮಾಡುತ್ತಿದ್ದರೆ ಕೊಳವೆಯ ನೀರು ಹಳದಿಗೆ ತಿರುಗಬೇಕು. ಎಲೆಯ ರಸ ಹಾಕಿದಾಗ ತಿರುಗಲಿಲ್ಲ. ಮತ್ತೆ ಮತ್ತೆ ಮಾಡಿದೆ, ನೀರು ತಿಳಿಯಾಗಿಯೇ ಉಳಿಯಿತು. ಲ್ಯಾಬಿನಲ್ಲಿ ಎಲ್ಲರೂ ನನ್ನ ಮೇಜಿನ ಸುತ್ತ ನಿಂತರು. ನನ್ನ ಗೈಡ್ ಅಂದೇ ಎಲ್ಲರಿಗೂ ಕಾಫಿ ತರಿಸಿದರು.

ಆದರೆ ನಾನು ಮಂಡಿಯಲ್ಲಿ ಬೆಳೆದವಳು. ಮೇಲಿನ ಸಾಲು ಅಷ್ಟು ಚೆನ್ನಾಗಿದ್ದರೆ ಅನುಮಾನ ಬರುತ್ತದೆ. ಇಂಥ ಫಲಿತಾಂಶವನ್ನು ಸುರಿದು ನೋಡುವ ಉಪಾಯವೂ ಇದೆ. ಒಂದು ಹನಿ ಸೋಪು ನೀರು, ಅಂದರೆ ಕಿಣ್ವಕ್ಕೆ ಹಾನಿ ಮಾಡದ ಮೆದು ಜಾತಿಯ ಸೋಪು. ಕೆಲವು ವಸ್ತುಗಳು ಕಿಣ್ವವನ್ನು ನಿಜವಾಗಿ ತಡೆಯುವುದಿಲ್ಲ. ಬಿಸಿನೀರಿಗೆ ರಾಗಿಹಿಟ್ಟು ಸರಿಯಾಗಿ ಬೀಳದಿದ್ದರೆ ಗಂಟಾಗುತ್ತದಲ್ಲ, ಹಾಗೆ ತಾವೇ ಗಂಟುಗಟ್ಟಿ ಕಿಣ್ವವನ್ನು ಒಳಗೆ ಸಿಕ್ಕಿಸಿಕೊಳ್ಳುತ್ತವೆ. ಸೋಪು ಬಿದ್ದರೆ ಗಂಟು ಒಡೆದು ಕಿಣ್ವ ಮತ್ತೆ ಕೆಲಸ ಮಾಡುತ್ತದೆ. ಅಂಥ ಗಂಟಿನಿಂದ ಔಷಧಿ ಆಗುವುದಿಲ್ಲ. ನಾನು ಹನಿ ಹಾಕಿದೆ. ನೋಡುತ್ತಿದ್ದಂತೆ ನೀರು ಹಳದಿಯಾಯಿತು, ಮಾಗಿದ ನಿಂಬೆಹಣ್ಣಿನಷ್ಟು ಹಳದಿ.

ಗೈಡ್ ನೋಡಿದರು, ಬಾಗಿಲು ಮುಂದೆ ಮಾಡಿದರು. ಪರೀಕ್ಷಕರು ಇದನ್ನು ಕೇಳುವುದಿಲ್ಲ, ಪ್ರಬಂಧದ ಕೊನೆಗೆ "ಮುಂದೆ ಮಾಡಬೇಕಾದ ಕೆಲಸ" ಎಂದು ಒಂದು ಸಾಲು ಬರೆದರೆ ಸಾಕು ಎಂದರು. ನಾನು ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ. ವಿಜ್ಞಾನ ಪತ್ರಿಕೆಗೆ ಕಳಿಸುವ ಲೇಖನದಲ್ಲಿ ನನ್ನ ಹೆಸರು ಮೊದಲಿರಬೇಕು, ಪ್ರಬಂಧಕ್ಕೆ ಆ ತಿಂಗಳೇ ಸಹಿ ಬೀಳಬೇಕು, ಕಾಲೇಜಿನಲ್ಲಿ ಖಾಲಿಯಿದ್ದ ಕಾಯಂ ಹುದ್ದೆಗೆ ಅವರು ನನ್ನ ಹೆಸರು ಹೇಳಬೇಕು ಎಂದೆ. ಮೂರಕ್ಕೂ ಒಪ್ಪಿದರು. ನನ್ನ ಜೀವನದ ಅತ್ಯಂತ ಜಾಣ ಚೌಕಾಸಿ ಅದು. ಹೊರಗೆ ಬಂದು ಕೊಳವೆ ತೊಳೆದಿಟ್ಟೆ.

ಕೆಲಸ ಸಿಕ್ಕಿತು. ಕಾಲೇಜಿನವರು ಸುದ್ದಿಗಾರನೊಬ್ಬನನ್ನು ಕರೆಸಿದರು. ನಾನು ಎಲೆ ಹಿಡಿದು ನಿಂತ ಫೋಟೊ, ಕ್ಷಯಕ್ಕೆ ನಮ್ಮ ಬೇಲಿಯಲ್ಲೇ ಮದ್ದು ಎಂಬ ತಲೆಬರಹ. ಮದ್ದು ಎಂದು ನಾನು ಹೇಳಿರಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಮಾವ ಆ ತುಂಡನ್ನು ಲ್ಯಾಮಿನೇಷನ್ ಮಾಡಿಸಿ ಆವನಿ ಹತ್ತಿರದ ತಮ್ಮ ಮನೆಯಲ್ಲಿ ದೇವರ ಪಟಗಳ ಸಾಲಿಗೇ ಹಾಕಿದರು.

ಅದಾದ ಮೇಲೆ ಮಾವನಿಗೆ ಕೆಮ್ಮು ಹಿಡಿಯಿತು. ನಾನೇ ಕಫ ಪರೀಕ್ಷೆ ಮಾಡಿಸಿದೆ. ಕ್ಷಯ. ಸರ್ಕಾರಿ ಆಸ್ಪತ್ರೆಯ ಮಾತ್ರೆ ಶುರುವಾಯಿತು, ಆರು ತಿಂಗಳು ಬಿಡದೆ ನುಂಗಬೇಕು. ಮಾತ್ರೆಗೆ ಹೊಟ್ಟೆ ತೊಳಸುತ್ತದೆ, ಮೂತ್ರ ಕೆಂಪಗಾಗುತ್ತದೆ, ಹೆದರಬೇಡ ಎಂದು ಹೇಳಿಕೊಟ್ಟೆ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತಿನ್ನುತ್ತಿದ್ದರೆ ತಗೊಂಡೆಯಾ ಎಂದು ಕೇಳಿ ಸುಮ್ಮನಾಗಬೇಡಿ, ಖಾಲಿ ಶೀಟು ತರಿಸಿ ನೋಡಿ. ನಾನು ಫೋನಿನಲ್ಲಿ ಕೇಳಿ ಸುಮ್ಮನಾದೆ. ಅವರು ಹ್ಞೂಂ ಎಂದರು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಫೋನ್ ಮಾಡಿ, ನಿಮ್ಮ ಮಾವ ಮತ್ತೆ ಇಳಿದುಹೋಗ್ತಿದ್ದಾರೆ, ಷರ್ಟು ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತೆ ಎಂದರು. ಮುಳಬಾಗಿಲಿನ ಬಸ್ಸು ಹಿಡಿದು, ಅಲ್ಲಿಂದ ಆಟೊದಲ್ಲಿ ಹೋದೆ. ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಅದೇ ಎಲೆ ಕುದಿಯುತ್ತಿತ್ತು. ಮಾವ ಹಬ್ಬದ ಅಡುಗೆ ಕಾಯುವವರ ಹಾಗೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಎರಡು ತಿಂಗಳು ಮಾತ್ರೆ ತಿಂದು, ಕೆಮ್ಮು ತಗ್ಗಿದ ಮೇಲೆ ಅದನ್ನು ಬಿಟ್ಟು ಈ ಕಷಾಯ ಹಿಡಿದಿದ್ದರಂತೆ. ಕೊನೆಗೊಂದು ದಿನ ಕೋಲಾರಕ್ಕೆ ಬಂದು, ನಿನ್ನ ಎಲೆಯಲ್ಲೇ ಗುಣವಾದೆ ನೋಡು ಎಂದು ನನ್ನ ಕಾಲೇಜಿನ ಮುಂದೆ ನಿಂತು ಹೇಳಬೇಕೆಂಬ ಆಸೆಯಂತೆ.

ನಿಜ ಹೇಳುವ ಬದಲು ನಾನು ವ್ಯಾಪಾರಕ್ಕೆ ಇಳಿದೆ.

"ಇದನ್ನೂ ಕುಡಿ ಮಾವ, ಮಾತ್ರೇನೂ ತಗೋ. ಎರಡೂ ಇರಲಿ."

"ಎರಡ್ಯಾಕೆ? ನಿನ್ ಮಾಲು ಗಟ್ಟಿ ಇದ್ರೆ ಸರ್ಕಾರದ್ದು ಯಾಕೆ ಬೇಕು?"

"ಜಾಸ್ತಿ ಭದ್ರ ಅಂತ."

ಅವರು ಸೌದೆ ಹಿಂದಕ್ಕೆ ಎಳೆದರು. ಹರಾಜಿನಲ್ಲಿ ಮಾಲಿನವರ ಮುಖ ನೋಡುವ ಹಾಗೆ ನನ್ನನ್ನು ನೋಡಿದರು. ಇದರ ಜೊತೆ ಅದೂ ಇರಲಿ ಎನ್ನುವವನಿಗೆ ತನ್ನ ಮಾಲಿನ ಮೇಲೆ ನಂಬಿಕೆಯಿಲ್ಲ. ಇದೂ ಅವರೇ ನನಗೆ ಕಲಿಸಿದ್ದು.

"ಬಾಕ್ಸ್ ಸುರಿದು ನೋಡಿದ್ಯಾ ಪಾಪ?"

ನಾನು ಒಲೆ ನೋಡಿದೆ. ಮನಸ್ಸು ಕೆಟ್ಟಾಗ ಅವರ ಬಾಯಲ್ಲಿ ತೆಲುಗು ಬರುತ್ತದೆ.

"ನಿಜಂ ಚೆಪ್ಪು. ನಿಜ ಹೇಳು."

"ಸುರಿದೆ ಮಾವ."

"ಅಡೀಲಿ ಏನಿತ್ತು?"

"ಕೊಳೆತಿತ್ತು."

ಅವರಿಗೆ ಕೆಮ್ಮು ಬಂತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಾವ ಬಾಯಿ ಒರೆಸಿಕೊಂಡು, ದನಿ ಏರಿಸದೆ ಕೇಳಿದರು.

"ಸುರಿದ ಮೇಲೂ ಮಾರಿದ್ಯಾ?"

ಪಾತ್ರೆಯನ್ನು ಟವೆಲಿನಲ್ಲಿ ಹಿಡಿದೆತ್ತಿ ನುಗ್ಗೆಮರದ ಬುಡಕ್ಕೆ ಹೊಯ್ದರು. ಷರ್ಟು ಹಾಕಿಕೊಂಡು ಬಂದು, ನಡಿ ಆಸ್ಪತ್ರೆಗೆ ಎಂದರು. ಬಸ್ಸಿನಲ್ಲಿ ಕಿಟಕಿ ತೆಗೆದು ಆ ಕಡೆ ಮುಖ ಮಾಡಿ ಕೂತರು. ಪೇಪರಿನವರಿಗೆ, ಲೇಖನ ಅಚ್ಚು ಹಾಕಿದ ಪತ್ರಿಕೆಗೆ ಎಲ್ಲರಿಗೂ ಬರೆದು ತಿಳಿಸುತ್ತೇನೆ ಎಂದೆ. ಯಾವಾಗ ಎಂದರು. ಬೇಗ ಎಂದೆ.

ಪರೀಕ್ಷೆಯಲ್ಲಿ ಗೊತ್ತಾಯಿತು, ಮೊದಲಿನ ಮಾತ್ರೆಗೆ ಅವರ ಎದೆಯಲ್ಲಿದ್ದ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಅರ್ಧಕ್ಕೆ ಬಿಟ್ಟವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು, ನನ್ನ ಕಡೆ ನೋಡಿ, ಓದಿದವಳೆಂದು. ಬೇರೆ ಮಾತ್ರೆ, ಹೆಚ್ಚು ಕಾಲ, ಹೆಚ್ಚು ಹಿಂಸೆ. ಮಾವ ಒಂದನ್ನೂ ಬಿಡದೆ ನುಂಗಿದರು. ನಾನು ಹೋದಾಗಲೆಲ್ಲ ಕೇಳುವ ಮೊದಲೇ ಖಾಲಿ ಶೀಟು ತಂದು ಮುಂದಿಡುತ್ತಿದ್ದರು.

ಆ ದಿನಗಳಲ್ಲೆಲ್ಲ ನಾನು ಪತ್ರ ಬರೆಯಲಿಲ್ಲ. ಹುದ್ದೆಯ ಪ್ರೊಬೇಷನ್ ಮುಗಿಯಲಿ ಎಂದುಕೊಂಡೆ, ಅದು ಮುಗಿದ ಮೇಲೆ ಕಾಲೇಜಿನ ಪರೀಕ್ಷೆಗಳು ಮುಗಿಯಲಿ ಎಂದುಕೊಂಡೆ. ಮಾವ ಬದುಕಿದರು. ಎಡಗಡೆಯ ಶ್ವಾಸಕೋಶ ಸುಕ್ಕುಗಟ್ಟಿ ನಿಂತಿತು. ನಾಲ್ಕು ಬೆಲೆ ಕೂಗುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಇನ್ನು ಹರಾಜು ಕೂಗುವ ಮಾತಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಮನೆಗೆ ಬಂದು ಪತ್ರ ಬರೆದೆ. ನಾನು ಅದನ್ನು ಬರೆಯಲು ಒಬ್ಬರ ದನಿ ಹೋಗಬೇಕಾಯಿತು.

ಲೇಖನ ಪ್ರಕಟಿಸಿದವರು ಅದನ್ನು ಹಿಂತೆಗೆದರು. ಗೈಡ್ ಮಾತು ಬಿಟ್ಟರು. ಹುದ್ದೆ ಹೋಗುತ್ತದೆಂದು ಕಾದೆ, ಹೋಗಲಿಲ್ಲ. ಡಿಗ್ರಿ ವಾಪಸ್ ಕೊಡಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ಸುದ್ದಿಗಾರ ಮಾತ್ರ ಮರ್ಯಾದೆಯಿಂದಲೇ ಹೇಳಿದ: ಮದ್ದು ಸಿಕ್ಕಿತು ಅನ್ನೋದು ಸುದ್ದಿ ಮೇಡಂ, ಸಿಗಲಿಲ್ಲ ಅನ್ನೋದು ಸುದ್ದಿಯಲ್ಲ.

ಹೋದ ವಾರ ಮಾವನನ್ನು ನೋಡಿ ಬರುವಾಗ ಮುಳಬಾಗಿಲು ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬ ಹೆಂಗಸು ಸೊಪ್ಪಿನ ಪಕ್ಕದಲ್ಲಿ ಆ ಎಲೆಯ ಕಟ್ಟುಗಳನ್ನು ಇಟ್ಟುಕೊಂಡು ಕೂತಿದ್ದಳು. ಇದರಿಂದ ಟಿಬಿ ಹೋಗಲ್ಲಮ್ಮ, ಮಾರಬೇಡ ಎಂದೆ.

"ಪೇಪರ್‌ನಲ್ಲಿ ಬಂದೈತೆ. ಓದ್ಕೊಂಡಿರೋ ಮೇಡಮ್ಮೇ ಹೇಳವ್ಳೆ. ನಿಮಗೇನ್ ಗೊತ್ತು, ಹೋಗಿ."

ಆ ಮೇಡಮ್ಮು ನಾನೇ ಎನ್ನಲಿಲ್ಲ. ಅವಳ ಹತ್ತಿರವಿದ್ದ ಕಟ್ಟುಗಳನ್ನೆಲ್ಲ ಕೊಂಡೆ. ಹುಟ್ಟಿದಂದಿನಿಂದ ಮೊದಲ ಸಲ, ಹೇಳಿದ ಬೆಲೆಗೇ. ಚೀಲ ತುಂಬಿಸಿಕೊಂಡು ಹೋಗಿ ಕಸದ ತೊಟ್ಟಿಗೆ ಸುರಿದೆ.

ಮೂರು ದಿನ ಬಿಟ್ಟು ಮತ್ತೆ ಆ ದಾರಿಯಲ್ಲಿ ಹೋದಾಗ ಅವಳ ಮುಂದೆ ಸೊಪ್ಪು ಇರಲಿಲ್ಲ. ಗೋಣಿಯ ತುಂಬ ಆ ಎಲೆಯೇ. ನನ್ನನ್ನು ದೂರದಿಂದಲೇ ಗುರುತಿಸಿ, ಬನ್ನಿ ಮೇಡಂ, ನಿಮಗೋಸ್ಕರಾನೇ ತಂದೆ ಎಂದು ಕೈ ಬೀಸಿದಳು.

ಮಾವನಿಗೆ ಹೇಳಿದೆ. ಎಷ್ಟೋ ದಿನದ ಮೇಲೆ ನನ್ನೆದುರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ದುಡ್ಡು ಕೊಟ್ಟು ಬಾಯಿ ಮುಚ್ಚಿಸೋಕೆ ಹೋಗಿದೀಯ. ಹೋಗು. ಅವಳ ಪಕ್ಕ ಕೂತ್ಕೋ. ನನಗಂತೂ ಆಗಲ್ಲ, ಅಡೀಲಿ ಕೊಳೆತಿದೆ ಅಂತ ನೀನು ಕೂಗು."