ಊಟಕ್ಕೆ ಮುಂಚಿನ ಪ್ರಾರ್ಥನೆ

ನಮ್ಮ ತಾಯಿ ತಮ್ಮ ದೀರ್ಘ ಸಂಸಾರದಲ್ಲಿ ಗಂಡನನ್ನಾಗಲಿ ಮಕ್ಕಳನ್ನಾಗಲಿ ಒಮ್ಮೆಯೂ ಬೈದವರಲ್ಲ. ಬೈಯಬೇಕಾದುದನ್ನೆಲ್ಲ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಕರ್ತನಿಗೆ ಒಪ್ಪಿಸಿಬಿಡುತ್ತಿದ್ದರು. ತಟ್ಟೆಯ ಮುಂದೆ ಕಣ್ಣು ಮುಚ್ಚಿ, "ಕರ್ತನೇ, ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವ ನಿನ್ನ ಈ ಮಗನಿಗೆ ಮನೆಗೆ ಬರುವ ಹೊತ್ತು ಮಾತ್ರ ತಿಳಿಯದು, ಕನಿಕರಿಸು" ಎಂದು ಅಪ್ಪನಿಂದ ಆರಂಭಿಸಿದರೆ, ಅಕ್ಕನ ನಾಲಿಗೆ, ನನ್ನ ಗಣಿತ, ಪಕ್ಕದ ಮನೆಯ ರೇಡಿಯೋ ಎಲ್ಲವೂ ಪರಲೋಕದ ಗಮನಕ್ಕೆ ಬರುವಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು. ವಾರಕ್ಕೆಂದು ಬಂದು ತಿಂಗಳು ಕಳೆದ ಚಿಕ್ಕಪ್ಪ ಪೆಟ್ಟಿಗೆ ಕಟ್ಟಿದ್ದು, "ಇವರ ಪ್ರಯಾಣವನ್ನು ಸುಖಕರಗೊಳಿಸು" ಎಂಬ ಬಿನ್ನಹವನ್ನು ಕೇಳಿದ ಮೇಲೆಯೇ. "ಬೇಗ ಆಮೆನ್ ಅಂದ್ಬಿಡೇ, ಆತನಿಗೆ ಬೇರೆ ಮನೆಗಳೂ ಇವೆ" ಎಂದು ಅಪ್ಪ ಗೊಣಗಿದರೆ, ಕಣ್ಣು ತೆರೆಯದೆ, "ಈತನ ಅವಸರವನ್ನೂ ಕ್ಷಮಿಸು" ಎಂದು ಸೇರಿಸುತ್ತಿದ್ದರು. ನಮಗೂ ಅದು ಅನುಕೂಲವೇ ಆಗಿತ್ತು. ಯಾರ ಕೆಮ್ಮು, ಯಾರ ಮೊಣಕಾಲು ನೋವು ಎಂಬ ಮನೆಯ ವರ್ತಮಾನವೆಲ್ಲ ಅಲ್ಲಿಯೇ ತಿಳಿಯುತ್ತಿದ್ದುದರಿಂದ, ಒಬ್ಬರನ್ನೊಬ್ಬರು ಬೇರೆಯಾಗಿ ವಿಚಾರಿಸುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಅಮ್ಮ ಏಳಲಾರದೆ ಆಸ್ಪತ್ರೆ ಸೇರಿದ ದಿನ ವೈದ್ಯರು, "ಹೊಟ್ಟೇಲಿರೋ ಈ ಗೆಡ್ಡೆ ಎರಡು ವರ್ಷದ್ದು. ಇನ್ನು ನಮ್ಮ ಕೈಲಿ ಏನೂ ಇಲ್ಲ. ಇಷ್ಟು ನೋವಿದ್ರೂ ಮನೇಲಿ ಯಾರಿಗೂ ಹೇಳ್ಲಿಲ್ವಾ?" ಎಂದಾಗ, ಅಪ್ಪ ನಂಬಲಾರದೆ, "ಪ್ರಾರ್ಥನೇಲಿ ಬರಲೇ ಇಲ್ವಲ್ಲ ಸಾರ್" ಎಂದರು. ಅಮ್ಮ ಹಾಸಿಗೆಯಿಂದಲೇ ಮೆಲ್ಲಗೆ ಹೇಳಿದರು: "ಹೇಗೆ ಹೇಳ್ಲಿ ರೀ, ನೀವೆಲ್ಲ ಕೇಳಿಸ್ಕೊಳ್ತಾ ಇದ್ರಲ್ಲ."